ಸೊಪ್ಪು ಮುರಿಯುವವರಿಗೂ ಒಬ್ಬ ಪ್ರತಿನಿಧಿ ಬೇಡವೇ?

ಜುಲೈ ತಿಂಗಳು ಬಂತೆಂದರೆ ಹುಣಸೂರು, ಪಿರಿಯಾಪಟ್ಟಣದ ಕಡೆಯ ಹಳ್ಳಿ ಶಾಲೆಗಳಲ್ಲಿ ಗೈರುಹಾಜರಿ ಏರುತ್ತದೆ. ಸೋಮವಾರ ನಾಲ್ವರು ಇಲ್ಲ, ಮಂಗಳವಾರ ಏಳು ಮಂದಿ ಇಲ್ಲ. ಬುಧವಾರ ಬಂದ ಹುಡುಗನನ್ನು ‘ಯಾಕೋ ಎರಡು ದಿನ ಬರಲಿಲ್ಲ?’ ಎಂದು ಕೇಳಿದರೆ ‘ಹುಷಾರಿರಲಿಲ್ಲ ಸಾರ್’ ಎನ್ನುತ್ತಾನೆ. ಪಕ್ಕದಲ್ಲಿ ಕುಳಿತವನು ಸುಮ್ಮನಿರುವುದಿಲ್ಲ. ‘ಸೊಪ್ಪು ಮುರಿಯಕ್ಕೆ ಹೋಗಿದ್ದ ಸಾರ್, ರಾತ್ರಿಯೆಲ್ಲ ವಾಂತಿ ಮಾಡ್ಕಂಡ’ ಎಂದು ಗುಟ್ಟು ಬಿಟ್ಟುಕೊಡುತ್ತಾನೆ. ತರಗತಿಯೆಲ್ಲ ನಗುತ್ತದೆ. ನಗದವರೂ ಕೆಲವರಿರುತ್ತಾರೆ. ಅವರ ಮನೆಯಲ್ಲಿ ಅವ್ವನೋ ಅಕ್ಕನೋ ಅದೇ ರೀತಿ ಮಲಗಿರುತ್ತಾರೆ.

ನಮ್ಮ ಜನ ಇದನ್ನು ‘ಸೊಪ್ಪಿನ ಘಾಟು’ ಎಂದು ಕರೆದು ಸುಮ್ಮನಾಗುತ್ತಾರೆ. ಮಜ್ಜಿಗೆಯನ್ನೋ ನಿಂಬೆಹಣ್ಣಿನ ಪಾನಕವನ್ನೋ ಕುಡಿದು ಮಲಗಿದರೆ ಎರಡು ದಿನಕ್ಕೆ ಸರಿಹೋಗುತ್ತದೆ. ತಾನಾಗಿ ಸರಿಹೋಗುವ ಕಾಯಿಲೆಯನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ? ಮುಂದಿನ ವಾರ ಮತ್ತೆ ಸೊಪ್ಪು, ಮತ್ತೆ ಘಾಟು. ಈ ವಾರ ಆ ಘಾಟಿನ ಹಿಂದಿರುವ ವಿಜ್ಞಾನವನ್ನೂ, ಅದನ್ನು ತಡೆಯಲೆಂದು ಒಂದು ತರಬೇತಿ ಏರ್ಪಡಿಸಲು ಹೋಗಿ ನಾನು ಕಲಿತ ಪಾಠವನ್ನೂ ಹೇಳುತ್ತೇನೆ.

ಇಬ್ಬನಿಯಲ್ಲಿ ಕರಗಿದ ವಿಷ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ತಾಲ್ಲೂಕುಗಳ ಕೆಂಪು ಮಣ್ಣಿನ ಹೊಲಗಳಲ್ಲಿ ಬೆಳೆಯುವುದು ವರ್ಜೀನಿಯಾ ತಂಬಾಕು. ಮುಂಗಾರಿನ ಮೊದಲ ಮಳೆಗಳಲ್ಲಿ ನಾಟಿ. ಜುಲೈಯಿಂದ ಸೆಪ್ಟೆಂಬರಿನವರೆಗೆ ಸೊಪ್ಪು ಮುರಿದು ಬ್ಯಾರನ್ನಿನಲ್ಲಿ ಹದ ಮಾಡುವುದು. ಬಳಿಕ ದರ್ಜೆ ವಿಂಗಡಿಸಿ, ಬೇಲು ಕಟ್ಟಿ, ಚಿಲ್ಕುಂದ, ಕಟ್ಟೆಮಳಲವಾಡಿ, ಕಂಪಲಾಪುರ, ಪಿರಿಯಾಪಟ್ಟಣ ಮುಂತಾದ ಹರಾಜು ಮಾರುಕಟ್ಟೆಗಳಿಗೆ ಸಾಗಿಸುವುದು. 1976ರಲ್ಲಿ ತಂಬಾಕು ಮಂಡಳಿ ಬಂದ ಮೇಲೆ ಯಾರು ಬೆಳೆಯಬೇಕು, ಎಷ್ಟು ಬೆಳೆಯಬೇಕು ಎಂಬುದಕ್ಕೆಲ್ಲ ಪುಸ್ತಕವಿದೆ, ಸಂಖ್ಯೆಯಿದೆ. ಯಾವ ಬೇಲು ಎಷ್ಟು ತೂಗಿತು, ಯಾವ ಬೆಲೆಗೆ ಹೋಯಿತು ಎಂಬುದಕ್ಕೂ ಪುಸ್ತಕವಿದೆ. ಆ ಸೊಪ್ಪನ್ನು ಮುರಿದವರಲ್ಲಿ ಎಷ್ಟು ಮಂದಿ ಮಲಗಿದರು ಎಂಬುದಕ್ಕೆ ಮಾತ್ರ ಪುಸ್ತಕವಿಲ್ಲ.

ತಂಬಾಕಿನ ಗಿಡವನ್ನು ಭತ್ತದ ಹಾಗೆ ಒಂದೇ ಸಲಕ್ಕೆ ಕೊಯ್ಯುವಂತಿಲ್ಲ. ಬುಡದ ಎಲೆ ಮೊದಲು ಬಲಿಯುತ್ತದೆ, ತುದಿಯದು ಕೊನೆಗೆ. ಆದ್ದರಿಂದ ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ಎರಡು ಮೂರು ಎಲೆ ಮಾತ್ರ ಮುರಿಯುತ್ತಾರೆ. ಮುರಿಯುವವರು ಸಾಲಿನಲ್ಲಿ ಬಾಗಿ, ಬಲಗೈಯಲ್ಲಿ ಮುರಿದ ಎಲೆಯನ್ನು ಎಡ ಕಂಕುಳಲ್ಲಿ ಒತ್ತಿ ಹಿಡಿದು ಮುಂದೆ ಸಾಗುತ್ತಾರೆ. ಕಂಕುಳು ತುಂಬಿದ ಮೇಲೆ ಹೊರೆಯನ್ನು ಬದುವಿಗೆ ಇಳಿಸಿ ಮತ್ತೆ ಸಾಲಿಗೆ ಇಳಿಯುತ್ತಾರೆ. ಬೆಳಗಿನ ಹೊತ್ತು ಎಲೆಯ ಮೇಲೆ ಇಬ್ಬನಿ, ಆಮೇಲೆ ಸೋನೆ ಮಳೆ. ಒಂಬತ್ತು ಗಂಟೆಯೊಳಗೆ ರವಿಕೆ, ಸೀರೆ, ಮೇಲೆ ತೊಟ್ಟ ಅಂಗಿ ಎಲ್ಲವೂ ತೊಪ್ಪೆ.

ಕೇಡು ಇರುವುದು ಇಲ್ಲಿಯೇ. ತಂಬಾಕಿನ ನಿಕೋಟಿನ್ ಎಂಬ ಕ್ಷಾರೀಯ ವಸ್ತು ನೀರಿನಲ್ಲಿಯೂ ಕೊಬ್ಬಿನಲ್ಲಿಯೂ ಕರಗಬಲ್ಲುದು. ನೀರಿನಲ್ಲಿ ಕರಗುವುದರಿಂದ ಎಲೆಯ ಮೇಲಿನ ಇಬ್ಬನಿಗೆ ಇಳಿಯುತ್ತದೆ. ಕೊಬ್ಬಿನಲ್ಲಿ ಕರಗುವುದರಿಂದ ಚರ್ಮವನ್ನು ದಾಟಿ ರಕ್ತಕ್ಕೆ ಸೇರುತ್ತದೆ. ಬೀಡಿ ಸೇದದ, ಎಲೆಯಡಿಕೆಗೆ ಹೊಗೆಸೊಪ್ಪು ಹಾಕದ ಹೆಂಗಸಿನ ರಕ್ತಕ್ಕೂ ಸೇರುತ್ತದೆ. ತಂಬಾಕಿನ ಎಲೆಯ ಮೇಲಿನ 100 ಮಿಲಿಲೀಟರ್ ಇಬ್ಬನಿಯಲ್ಲಿ ಸುಮಾರು 9 ಮಿಲಿಗ್ರಾಂ ನಿಕೋಟಿನ್ ಇರಬಹುದು, ಎಂದರೆ ಆರು ಸಿಗರೇಟಿನ ಲೆಕ್ಕ, ಎಂದು ಅಮೆರಿಕದ ವೈದ್ಯಕೀಯ ಬರಹಗಳು ಹೇಳುತ್ತವೆ. ಮಳೆಗಾಲದ ಒಂದು ದಿನದಲ್ಲಿ ಕೆಲಸಗಾರನ ಮೈಗೆ 600 ಮಿಲಿಲೀಟರಿನಷ್ಟು ಇಂಥ ನೀರು ತಾಕಬಹುದಂತೆ. ತಾಕಿದ್ದೆಲ್ಲ ಒಳಗಿಳಿಯುವುದಿಲ್ಲ, ನಿಜ. ಆದರೆ ಒದ್ದೆ ಬಟ್ಟೆ ಮೈಗೆ ಅಂಟಿಕೊಂಡು ಗಂಟೆಗಟ್ಟಲೆ ಉಳಿದರೆ, ಇಳಿಯುವ ಪಾಲೂ ಸಣ್ಣದಲ್ಲ.

ಪಿಯುಸಿ ವಿದ್ಯಾರ್ಥಿಗಳಿಗೆ ಅಸಿಟೈಲ್‌ಕೋಲೀನ್ ಗೊತ್ತಿರಬೇಕು. ನರದಿಂದ ನರಕ್ಕೆ ಸುದ್ದಿ ಒಯ್ಯುವ ರಾಸಾಯನಿಕ ಅದು. ಆ ಸುದ್ದಿಗಾರನ ವೇಷದಲ್ಲಿ ನಿಕೋಟಿನ್ ಬಾಗಿಲು ತಟ್ಟುತ್ತದೆ. ನರಗಳು ಮೋಸ ಹೋಗುತ್ತವೆ. ತಲೆ ಸುತ್ತು, ತಲೆನೋವು, ಮೈ ಬೆವರು, ಹೊಟ್ಟೆ ತೊಳಸು, ವಾಂತಿ, ನಿತ್ರಾಣ. ಹೊಲದಲ್ಲಿರುವಾಗಲೇ ಬರಬೇಕೆಂದಿಲ್ಲ, ಸಂಜೆಯೋ ರಾತ್ರಿಯೋ ಬರಬಹುದು. ಹಾಗಾಗಿ ‘ರಾತ್ರಿ ತಿಂದದ್ದು ಆಗಲಿಲ್ಲ’ ಎಂದು ಸಾರಿಗೋ ಮುದ್ದೆಗೋ ತಪ್ಪು ಹೊರಿಸುತ್ತೇವೆ. ಇದರ ಹೆಸರು ಹಸಿ ತಂಬಾಕಿನ ಕಾಯಿಲೆ. 1970ರಲ್ಲಿ ಅಮೆರಿಕದ ಫ್ಲಾರಿಡಾದಿಂದ ಇದರ ವರದಿ ಬಂತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ತಂಬಾಕು ಹೊಲಗಳ ಕೆಲಸಗಾರರನ್ನು ಸಮೀಕ್ಷೆ ಮಾಡಿ 1979ರಲ್ಲೇ ಪ್ರಕಟಿಸಿದ್ದಾರೆ. ಎಂದರೆ ವಿಷಯ ಹೊಸದಲ್ಲ. ನಮ್ಮ ಹೊಲದ ಬದುವಿಗೆ ಬಂದು ತಲುಪಿಲ್ಲ, ಅಷ್ಟೇ.

ಘಾಟು ಒಂದೇ ಅಪಾಯವಲ್ಲ. ಬ್ಯಾರನ್ನಿನೊಳಗೆ ಸೊಪ್ಪು ಪೋಣಿಸಿದ ಕಡ್ಡಿಗಳನ್ನು ಮೇಲಿನ ಅಂತಸ್ತಿಗೆ ಏರಿಸುವವರು ಕಾಲು ಜಾರಿ ಬೀಳುತ್ತಾರೆ. ಐದಾರು ದಿನದ ಹದದ ಕೊನೆಗೆ ದಂಟು ಒಣಗಿಸುವಾಗ ಒಳಗಿನ ಶಾಖ 70 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಒಣಗಿದ ಎಲೆಯೊಂದು ಕಾದ ಕೊಳವೆಯ ಮೇಲೆ ಉದುರಿದರೆ ಬ್ಯಾರನ್ನೇ ಹೊತ್ತಿಕೊಳ್ಳಬಹುದು. ಕೊಳವೆಗಳ ಮೇಲೆ ತಂತಿಬಲೆ ಹಾಸಿ ಎನ್ನುವುದು ಅದಕ್ಕಾಗಿಯೇ. ರಾತ್ರಿಯಿಡೀ ಒಲೆಗೆ ಸೌದೆ ಒಡ್ಡುವವರಿಗೆ ಹೊಗೆ. ಸಿಂಪರಣೆ ಮಾಡುವವರಿಗೆ ಕೀಟನಾಶಕ. ಇಷ್ಟೆಲ್ಲ ಅಪಾಯವಿರುವ ಕೆಲಸ ಕಾರ್ಖಾನೆಯ ಗೋಡೆಯೊಳಗೆ ನಡೆದಿದ್ದರೆ ಕಾನೂನು ಏನು ಹೇಳುತ್ತಿತ್ತು?

ಭೋಪಾಲ ಕಲಿಸಿದ್ದು

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ ಮೀಥೈಲ್ ಐಸೊಸಯನೇಟ್ ಅನಿಲ ಸೋರಿ ಸಾವಿರಾರು ಜನ ಸತ್ತದ್ದು ಎಲ್ಲರಿಗೂ ಗೊತ್ತು. ಅದಕ್ಕೆ ಮೂರು ವರ್ಷ ಮೊದಲು, 1981ರ ಡಿಸೆಂಬರಿನಲ್ಲಿ, ಅದೇ ಕಾರ್ಖಾನೆಯಲ್ಲಿ ಫಾಸ್ಜೀನ್ ಅನಿಲಕ್ಕೆ ಒಬ್ಬ ಕೆಲಸಗಾರ ಬಲಿಯಾಗಿದ್ದ. ‘ಇಲ್ಲಿ ಅಪಾಯವಿದೆ’ ಎಂದು ಕಾರ್ಮಿಕರು ಭಿತ್ತಿಪತ್ರ ಹಚ್ಚಿ ಕೂಗಿದ್ದರು. ಕೂಗಿದವರಿಗೆ ಕೇಳಿಸಿಕೊಳ್ಳುವ ಕಿವಿ ಸಿಗಲಿಲ್ಲ.

ಆ ದುರಂತದ ನಂತರ, 1987ರಲ್ಲಿ, 1948ರ ಕಾರ್ಖಾನೆ ಕಾಯಿದೆಗೆ ಹೊಸ ಕಲಮುಗಳು ಸೇರಿದವು. ಅಪಾಯಕಾರಿ ಕೆಲಸ ನಡೆಯುವ ಕಾರ್ಖಾನೆಯಲ್ಲಿ ಆಡಳಿತದವರೂ ಕೆಲಸಗಾರರೂ ಸಮಸಂಖ್ಯೆಯಲ್ಲಿರುವ ಸುರಕ್ಷತಾ ಸಮಿತಿ ಇರಬೇಕು ಎಂದಿತು ಒಂದು ಕಲಮು. ಇನ್ನೊಂದು ಕಲಮು ಕೆಲಸಗಾರನಿಗೆ ಮೂರು ಹಕ್ಕು ಕೊಟ್ಟಿತು: ತನ್ನ ಕೆಲಸದ ಅಪಾಯದ ಬಗ್ಗೆ ಮಾಹಿತಿ ಕೇಳುವ ಹಕ್ಕು, ಸುರಕ್ಷತೆಯ ತರಬೇತಿಯನ್ನು ಕಾರ್ಖಾನೆಯಲ್ಲೇ ಪಡೆಯುವ ಅಥವಾ ಮಾಲೀಕನ ವತಿಯಿಂದ ತರಬೇತಿ ಸಂಸ್ಥೆಗೆ ಹೋಗಿ ಪಡೆಯುವ ಹಕ್ಕು, ಕೊರತೆಯಿದ್ದರೆ ತಪಾಸಣಾಧಿಕಾರಿಗೆ ಹೇಳಿಕೊಳ್ಳುವ ಹಕ್ಕು. ಈಗ ಆ ಕಾಯಿದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2025ರ ನವೆಂಬರ್ 21ರಿಂದ ಬಂದಿದೆ. ಅದರಲ್ಲಿಯೂ ಸುರಕ್ಷತಾ ಸಮಿತಿ ಉಂಟು, ಅದರಲ್ಲಿ ಕೆಲಸಗಾರರ ಪ್ರತಿನಿಧಿಗಳು ಮಾಲೀಕರ ಪ್ರತಿನಿಧಿಗಳಿಗಿಂತ ಕಡಿಮೆ ಇರಕೂಡದು. ಗಣಿಗಳಲ್ಲಿಯೂ ಇಂಥ ಪದ್ಧತಿ ಹಳೆಯದು. ದೊಡ್ಡ ಗಣಿಗಳಲ್ಲಿ ಕಾರ್ಮಿಕ ಸಂಘದೊಡನೆ ಸಮಾಲೋಚಿಸಿ ಕೆಲಸಗಾರರಿಂದಲೇ ‘ವರ್ಕ್‌ಮೆನ್ಸ್ ಇನ್‌ಸ್ಪೆಕ್ಟರ್’ಗಳನ್ನು ಗೊತ್ತುಮಾಡುತ್ತಾರೆ. ಬ್ರಿಟನ್ನಿನಲ್ಲಿ 1978ರಿಂದ ಕಾರ್ಮಿಕ ಸಂಘ ಆರಿಸಿದ ಸುರಕ್ಷತಾ ಪ್ರತಿನಿಧಿಗೆ, ತರಬೇತಿಗೆ ಹೋದ ಹೊತ್ತಿನ ಸಂಬಳವನ್ನು ಮಾಲೀಕನೇ ಕೊಡಬೇಕು.

ಇವೆಲ್ಲದರ ತಿರುಳು ಒಂದೇ. ಅಪಾಯವನ್ನು ಮೊದಲು ಕಾಣುವವನು ಕೆಲಸ ಮಾಡುವವನು. ಆದ್ದರಿಂದ ಅವರಲ್ಲೇ ಒಬ್ಬರಿಗೆ ಕಲಿಸಬೇಕು, ಮಾತನಾಡುವ ಅಧಿಕಾರ ಕೊಡಬೇಕು, ಕಲಿಯುವ ಹೊತ್ತಿಗೆ ಕೂಲಿ ಕೊಡಬೇಕು. ಆದರೆ ಈ ಸಮಿತಿ, ಅಧಿಕಾರಿ ಎಲ್ಲ ನೂರಾರು ಜನ ದುಡಿಯುವ ಕಡೆಗೆ. ಎಂಟು ಹತ್ತು ಆಳು ಸೊಪ್ಪು ಮುರಿಯುವ ಹೊಲಕ್ಕೆ ಅಂಥ ಏರ್ಪಾಟಿಲ್ಲ. ಇಲ್ಲದಿದ್ದರೆ ನಾವೇ ಮಾಡಿಕೊಳ್ಳಬಾರದೇ ಎಂದು ನನಗೆ ಅನ್ನಿಸಿತು.

ನಾನು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯಲ್ಲಿ ಒಂದು ದಿನದ ಶಿಬಿರ ಏರ್ಪಡಿಸಿದೆ. ಶಾಲೆಯ ಕೊಠಡಿ, ಕಪ್ಪುಹಲಗೆ, ಬಣ್ಣದ ಚಿತ್ರಪಟ, ಎಲ್ಲವೂ ಸಿದ್ಧ. ಒಬ್ಬ ವೈದ್ಯರು, ಒಬ್ಬ ಕೃಷಿ ಅಧಿಕಾರಿ ಬಂದರು. ಹೂಗುಚ್ಛ, ಪ್ರಾರ್ಥನೆ, ಉಪ್ಪಿಟ್ಟು, ಕೊನೆಗೆ ಫೋಟೊ. ಸುಮಾರು 40 ಮಂದಿ ಬಂದಿದ್ದರು. ನನಗೆ ಬಹಳ ಹೆಮ್ಮೆ. ಆ ವರ್ಷದ ಆಗಸ್ಟಿನಲ್ಲಿಯೂ ತರಗತಿಯ ಬೆಂಚುಗಳು ಹಿಂದಿನಂತೆಯೇ ಖಾಲಿ.

ಒಂದು ದಿನ ನನ್ನ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯ ತಾಯಿ ರಸ್ತೆಯಲ್ಲಿ ಸಿಕ್ಕರು. ಕೂಲಿಗೆ ಸೊಪ್ಪು ಮುರಿಯುವವರು. ‘ಶಿಬಿರ ಮಾಡಿದೆವಲ್ಲ, ಏನಾದರೂ ಉಪಯೋಗ ಆಯ್ತೇನವ್ವ?’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೇಷ್ಟ್ರೇ, ಆವತ್ತು ನೀವು ಹೇಳಿದ್ದೆಲ್ಲಾ ಯಜಮಾನ್ರಿಗೆ ಹೇಳಿದ್ರಿ. ವಾಂತಿ ಬರೋದು ನಮಗೆ ತಾನೆ?’ ಎಂದರು.

ಮನೆಗೆ ಬಂದು ಶಿಬಿರದ ಫೋಟೊ ತೆಗೆದು ನೋಡಿದೆ. 40 ಜನರಲ್ಲಿ ಹೆಂಗಸರು ಮೂವರು. ಅವರು ಉಪ್ಪಿಟ್ಟು ಮಾಡಲು ಬಂದವರು. ಉಳಿದವರೆಲ್ಲ ಬ್ಯಾರನ್ ಇದ್ದವರು, ಅವರ ಮಕ್ಕಳು, ಊರಿನ ಮುಖಂಡರು. ಸೊಪ್ಪು ಮುರಿಯುವವರು ಆ ದಿನ ಎಲ್ಲಿದ್ದರು? ಕೂಲಿಗೆ ಹೋಗಿದ್ದರು. ಕೂಲಿ ಬಿಟ್ಟು ಬಂದು ಭಾಷಣ ಕೇಳಿ ಎಂದರೆ ಯಾರು ಬಂದಾರು? ಯಾರಿಗೆ ತರಬೇತಿ ಬೇಕು ಎಂದು ಯೋಚಿಸದೆ, ಕೊಠಡಿ ತುಂಬಿತೇ ಎಂದು ಮಾತ್ರ ನೋಡಿದ್ದೆ. ಗಾಯ ಒಂದು ಕಡೆ, ಮುಲಾಮು ಇನ್ನೊಂದು ಕಡೆ.

ಎರಡನೆಯ ಸಲ

ಮುಂದಿನ ವರ್ಷ ಅವರನ್ನೇ ಕೇಳಿದೆ: ‘ಯಾವಾಗ ಬಂದರೆ ಅನುಕೂಲ? ಎಲ್ಲಿ?’ ಸಂತೆಯ ದಿನ ಮಧ್ಯಾಹ್ನ ಕೆಲಸ ಬೇಗ ಬಿಡುತ್ತದೆ, ಶಾಲೆ ಬೇಡ, ನಮ್ಮ ಬೀದಿಯ ಅಂಗನವಾಡಿ ಜಗುಲಿ ಸಾಕು ಎಂದರು. ನಾಟಿ ಮುಗಿದು ಸೊಪ್ಪು ಮುರಿಯುವುದು ಆರಂಭವಾಗುವ ಮೊದಲಿನ ಬಿಡುವಿನಲ್ಲಿ ನಾಲ್ಕು ಸಂತೆ ದಿನ, ದಿನಕ್ಕೆ ಎರಡು ಗಂಟೆ ಎಂದು ಗೊತ್ತಾಯಿತು.

ಪ್ರತಿನಿಧಿಗಳನ್ನು ನಾನು ಆರಿಸಲಿಲ್ಲ. ಒಂದೊಂದು ಕೂಲಿ ಗುಂಪಿನಿಂದ ಇಬ್ಬರನ್ನು ಅವರೇ ಹೆಸರಿಸಿದರು. ಮೊದಲು ಎಲ್ಲರೂ ‘ಮೇಸ್ತ್ರಿ ಬರಲಿ’ ಎಂದರು. ಆಳು ಕರೆತರುವುದು, ಕೆಲಸ ಬೇಗ ಮುಗಿಸುವುದು ಮೇಸ್ತ್ರಿಯ ಹೊಣೆ. ‘ಎಲೆ ಆರಲಿ, ಆಮೇಲೆ ಇಳಿಯೋಣ’ ಎಂದು ಹೇಳುವುದು ಅವನಿಗೆ ಕಷ್ಟ. ಹಾಗೆಂದು ವಿವರಿಸಿದ ಮೇಲೆ ಬೇರೆ ಹೆಸರುಗಳು ಬಂದವು. ಅವರಲ್ಲಿ ನನಗೆ ಬುದ್ಧಿ ಹೇಳಿದ ಆ ತಾಯಿಯೂ ಒಬ್ಬರು.

ಕೂಲಿಯ ಮಾತು ಬಂದಾಗ ಬ್ಯಾರನ್ ಯಜಮಾನರು ‘ನಾವೇಕೆ ಕೊಡಬೇಕು ಸಾರ್?’ ಎಂದರು. ಅವರಿಗೆ ಧರ್ಮ ಹೇಳಲಿಲ್ಲ, ಲೆಕ್ಕ ಹೇಳಿದೆ. ಬ್ಯಾರನ್ ತುಂಬಬೇಕಾದ ದಿನ ಎಂಟು ಆಳಿನಲ್ಲಿ ಮೂವರು ಮಲಗಿದರೆ ಏನಾಗುತ್ತದೆ? ಮುರಿದ ಸೊಪ್ಪು ಬಾಡುತ್ತದೆ, ಮುರಿಯಬೇಕಾದದ್ದು ಗಿಡದಲ್ಲೇ ಹಣ್ಣಾಗುತ್ತದೆ, ದರ್ಜೆ ಇಳಿಯುತ್ತದೆ. ಅದರ ಮುಂದೆ ಇಬ್ಬರ ಅರ್ಧ ದಿನದ ಕೂಲಿ ಎಷ್ಟು? ಎಲ್ಲರೂ ಒಪ್ಪಲಿಲ್ಲ. ಇಬ್ಬರು ಒಪ್ಪಿದರು. ಆರಂಭಕ್ಕೆ ಅಷ್ಟು ಸಾಕಾಯಿತು.

ಮೊದಲ ದಿನ ಭಾಷಣ ಮಾಡಲಿಲ್ಲ. ಜಗುಲಿಯ ನೆಲದ ಮೇಲೆ ಇದ್ದಿಲಿನಿಂದ ಒಂದು ಆಳಿನ ಆಕಾರ ಬರೆದು, ‘ಕೆಲಸ ಮಾಡಿದ ದಿನ ಎಲ್ಲೆಲ್ಲಿ ನೋವು, ಉರಿ, ತುರಿಕೆ? ಅಲ್ಲಿ ಒಂದು ಹುಣಸೆ ಬೀಜ ಇಡಿ’ ಎಂದೆ. ತಲೆ, ಹೊಟ್ಟೆ, ಸೊಂಟದ ಮೇಲೆ ಬೀಜ ಬೀಳುತ್ತವೆ ಎಂದುಕೊಂಡಿದ್ದೆ, ಬಿದ್ದವು. ಎಡ ಕಂಕುಳಲ್ಲಿ ಇಷ್ಟೊಂದು ಬೀಳುತ್ತವೆ ಎಂದುಕೊಂಡಿರಲಿಲ್ಲ. ಹಿಂದಿನ ವರ್ಷ ನಾನು ಕಪ್ಪುಹಲಗೆಯ ಮೇಲೆ ‘ಗೊಬ್ಬರ ಚೀಲದ ಕೊಪ್ಪೆ ಹಾಕಿಕೊಳ್ಳಿ’ ಎಂದು ಬರೆದಿದ್ದೆ. ‘ಕೊಪ್ಪೆ ಬೆನ್ನು ಕಾಯ್ತದೆ ಮೇಷ್ಟ್ರೇ, ಸೊಪ್ಪಿರೋದು ಕಂಕುಳಲ್ಲಿ ಅಲ್ವಾ?’ ಎಂದರು ಒಬ್ಬ ಅಜ್ಜಿ. ಬಿಎಸ್ಸಿ ಓದಿದ ನನಗೆ ಹೊಳೆಯದ ಮಾತು. ಅಲ್ಲಿಯೇ ಒಂದು ಪ್ಲಾಸ್ಟಿಕ್ ಚೀಲವನ್ನು ಕತ್ತರಿಸಿ, ಎದೆ ಮತ್ತು ಎಡ ಪಕ್ಕೆ ಮುಚ್ಚುವ ಹಾಗೆ ದಾರ ಕಟ್ಟಿ ನೋಡಿದರು. ಸೆಕೆಯಾಗುತ್ತದೆ ಎಂಬ ದೂರು ಬಂತು. ಎಲೆ ಒದ್ದೆಯಿರುವ ಹೊತ್ತಿಗೆ ಮಾತ್ರ ತೊಡುವುದು, ಬಿಸಿಲು ಬಂದಾಗ ತೆಗೆಯುವುದು ಎಂದು ಅವರೇ ತೀರ್ಮಾನಿಸಿದರು.

ಎರಡನೆಯ ವಾರ ಒಂದು ಬ್ಯಾರನ್ನಿನ ಸುತ್ತ ನಡೆದು ನೋಡಿದೆವು. ಅಂತಸ್ತಿನ ಯಾವ ಗಳ ಹುಳು ತಿಂದಿದೆ, ತಂತಿಬಲೆ ಎಲ್ಲಿ ಹರಿದಿದೆ, ನೀರಿನ ಡ್ರಮ್ಮು ಎಷ್ಟು ದೂರ ಇದೆ ಎಂದು ಅವರು ತೋರಿಸಿದರು, ನಾನು ಬರೆದುಕೊಂಡೆ. ಆಮೇಲೆ ಕೀಟನಾಶಕದ ಖಾಲಿ ಡಬ್ಬಿಗಳ ಮೇಲಿನ ಗುರುತು ಓದುವುದನ್ನು ಕಲಿತರು. ಓರೆಯಾಗಿ ನಿಲ್ಲಿಸಿದ ಚೌಕದ ಕೆಳಗಿನ ಅರ್ಧ ಕೆಂಪಾಗಿದ್ದರೆ ಅತ್ಯಂತ ಘೋರ ವಿಷ, ಹಳದಿ ಅದಕ್ಕಿಂತ ಕಡಿಮೆ, ನೀಲಿ ಇನ್ನೂ ಕಡಿಮೆ, ಹಸಿರು ಎಲ್ಲಕ್ಕಿಂತ ಕಡಿಮೆ. ಅಕ್ಷರ ಬಾರದವರಿಗೂ ಬಣ್ಣ ಓದಲು ಬರುತ್ತದೆ. ವಾಂತಿಯ ಜೊತೆಗೆ ಬಾಯಲ್ಲಿ ಜೊಲ್ಲು ಸುರಿಯುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗುವುದು ಕಂಡರೆ ಅದು ಕೀಟನಾಶಕದ ವಿಷವಿರಬಹುದು. ಆಗ ಮಜ್ಜಿಗೆ ಕುಡಿಸುತ್ತ ಕೂರಬಾರದು, ಡಬ್ಬಿಯ ಸಮೇತ ಕೂಡಲೇ ಆಸ್ಪತ್ರೆಗೆ. ಘಾಟೇ ಆದರೂ ವಾಂತಿ ನಿಲ್ಲದಿದ್ದರೆ, ಉಸಿರು ಕಟ್ಟಿದರೆ, ಎಚ್ಚರ ತಪ್ಪಿದರೆ ತಡಮಾಡದೆ ಆಸ್ಪತ್ರೆಗೇ. ಹೋದಾಗ ‘ಸೊಪ್ಪು ಮುರಿಯುತ್ತಿದ್ದೆ’ ಎಂದು ವೈದ್ಯರಿಗೆ ಮೊದಲು ಹೇಳಬೇಕು.

ಮೂರನೆಯ ವಾರದ ಅರಿಶಿನದ ಪಾಠವನ್ನು ಕೊನೆಯಲ್ಲಿ ಹೇಳುತ್ತೇನೆ. ನಾಲ್ಕನೆಯ ವಾರ ಬರೆಯುವುದು ಮತ್ತು ಮಾತನಾಡುವುದು. ಒಂದು 20 ರೂಪಾಯಿಯ ನೋಟ್ ಪುಸ್ತಕ. ದಿನಕ್ಕೊಂದು ಸಾಲು. ಎಲೆ ಒದ್ದೆಯಿದ್ದರೆ ಒಂದು ಹನಿಯ ಚಿತ್ರ, ಒಣಗಿದ್ದರೆ ಸೂರ್ಯ. ಎಷ್ಟು ಜನ ಮುರಿದರು, ಎಷ್ಟು ಜನಕ್ಕೆ ಘಾಟು ಹತ್ತಿತು ಎಂದು ಗೀಟು. ಬರೆಯಲು ಬಾರದ ತಾಯಿಗೆ ಮಗಳು ಬರೆದುಕೊಡುತ್ತಾಳೆ. ಮಾತನಾಡುವ ಪಾಠಕ್ಕೆ ಒಬ್ಬರು ಯಜಮಾನರಾಗಿ, ಒಬ್ಬರು ಪ್ರತಿನಿಧಿಯಾಗಿ ನಟಿಸಿದರು. ಯಜಮಾನರ ಪಾತ್ರ ಮಾಡಿದ ಹೆಂಗಸು ಎಷ್ಟು ಚೆನ್ನಾಗಿ ಗದರಿದರೆಂದರೆ ಎಲ್ಲರೂ ನಕ್ಕು ಸುಸ್ತಾದರು.

ಮಾತನಾಡಿದವರ ಕೂಲಿ

ಇಷ್ಟು ಹೊತ್ತಿಗೆ ಎಲ್ಲವೂ ಸರಿಹೋಯಿತು ಎಂದು ನೀವು ತಿಳಿದಿರಬಹುದು. ಹಾಗಾಗಲಿಲ್ಲ. ಜುಲೈ ಮೂರನೆಯ ವಾರ, ಎಲೆಯಿಂದ ನೀರು ತೊಟ್ಟಿಕ್ಕುತ್ತಿದ್ದ ಒಂದು ಬೆಳಿಗ್ಗೆ, ಆ ತಾಯಿ ‘ಸ್ವಲ್ಪ ಆರಲಿ, ಅಲ್ಲಿವರೆಗೆ ಸೌದೆ ಜೋಡಿಸ್ತೀವಿ’ ಎಂದರಂತೆ. ಅಂದು ಕೆಲಸ ನಡೆಯಿತು. ಮಾರನೆಯ ದಿನ ಆ ಹೊಲಕ್ಕೆ ಅವರನ್ನು ಕರೆಯಲಿಲ್ಲ. ಅದರ ಮಾರನೆಯ ದಿನವೂ ಕರೆಯಲಿಲ್ಲ. ನನ್ನ ತರಬೇತಿಯಿಂದ ಅವರಿಗೆ ಸಿಕ್ಕಿದ ಫಲ ಇದು. ಆ ವಾರ ಅವರ ಮಗಳ ಮುಖ ನೋಡಿ ಪಾಠ ಮಾಡುವುದು ನನಗೆ ಕಷ್ಟವಾಯಿತು.

ಯಜಮಾನರ ಬಳಿ ಹೋದೆ. ಕೆಟ್ಟ ಮನುಷ್ಯರಲ್ಲ. ‘ಸಾರ್, ನಾಲ್ಕು ದಿನ ಬಿಡದೆ ಮಳೆ. ಆರಲಿ ಅಂತ ಕಾದರೆ ಸೊಪ್ಪು ಕರಗ್ತದೆ. ಸಾಲ ತೀರಿಸೋರು ಯಾರು?’ ಎಂದರು. ಅದೂ ನಿಜವೇ. ಅವರಿಗೂ ಬ್ಯಾಂಕಿನ ಕಂತು ಕಾದಿರುತ್ತದೆ. ಬಹಳ ಹೊತ್ತು ಮಾತಾಡಿ, ಇತರ ಗುಂಪಿನವರೂ ಬಂದು ಕುಳಿತ ಮೇಲೆ ಮೂರು ಮಾತು ಒಪ್ಪಿಗೆಯಾಯಿತು. ಬರೀ ಇಬ್ಬನಿಯಿದ್ದ ದಿನ ಮೊದಲು ಕಡ್ಡಿ, ಸೌದೆಯ ಕೆಲಸ, ಆರಿದ ಮೇಲೆ ಸೊಪ್ಪು. ಮಳೆ ಬಿಡದ ದಿನ ಪ್ಲಾಸ್ಟಿಕ್ ಹೊದಿಕೆ, ನಡುವೆ ಒಮ್ಮೆ ಒಣ ಬಟ್ಟೆ ಬದಲಾಯಿಸಲು ಹೊತ್ತು, ಸೋಪು, ನೀರು. ಮತ್ತು ಪ್ರತಿನಿಧಿ ಮಾತನಾಡಿದರು ಎಂಬ ಕಾರಣಕ್ಕೆ ಅವರನ್ನು ಕೆಲಸದಿಂದ ಬಿಡಿಸಬಾರದು. ಕಾಗದ ಪತ್ರ ಏನೂ ಇಲ್ಲ, ಬಾಯಿಮಾತು. ಆ ತಾಯಿ ಮುಂದಿನ ವಾರ ಮತ್ತೆ ಅದೇ ಹೊಲಕ್ಕೆ ಹೋದರು.

ಹಂಗಾಮು ಮುಗಿದಾಗ ನೋಟ್ ಪುಸ್ತಕಗಳನ್ನು ಮಕ್ಕಳೊಡನೆ ಕುಳಿತು ಓದಿದೆ. ಘಾಟಿನ ಗೀಟುಗಳೆಲ್ಲ ಬಹುಮಟ್ಟಿಗೆ ಹನಿಯ ಚಿತ್ರವಿದ್ದ ಸಾಲುಗಳಲ್ಲೇ ಇದ್ದವು. ಇದು ಸಂಶೋಧನೆಯಲ್ಲ, ಕೆಲವೇ ಗುಂಪು, ಒಂದೇ ಹಂಗಾಮು. ಆದರೆ ಬೇಲಿನ ತೂಕಕ್ಕೆ ಪುಸ್ತಕವಿದ್ದ ಊರಿನಲ್ಲಿ ಮೊದಲ ಸಲ ಮನುಷ್ಯರ ಆರೋಗ್ಯಕ್ಕೂ ಒಂದು ಪುಸ್ತಕ ಬಂದಿತ್ತು.

ಇಂಥ ಪ್ರಯತ್ನ ಬೇರೆ ಕಡೆಯೂ ನಡೆದಿದೆ. ವಿಯೆಟ್ನಾಮಿನ ಕಾನ್ ಥೊ ಪ್ರಾಂತ್ಯದಲ್ಲಿ 1990ರ ದಶಕದಲ್ಲಿ ರೈತ ಗಂಡಸರನ್ನೂ ಹೆಂಗಸರನ್ನೂ ಸೇರಿಸಿ, ಚಿತ್ರಗಳ ಪಟ್ಟಿ ಕೈಗೆ ಕೊಟ್ಟು, ತಮ್ಮ ಊರಿನಲ್ಲೇ ಇರುವ ಒಳ್ಳೆಯ ಉಪಾಯಗಳನ್ನು ಹುಡುಕಿಸುವ ತರಬೇತಿ ಬೆಳೆಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಅದನ್ನು ಇತರ ದೇಶಗಳಿಗೂ ಒಯ್ದಿದೆ. ಅದೇ ಸಂಸ್ಥೆಯ 2001ರ 184ನೆಯ ಒಡಂಬಡಿಕೆ, ಕೃಷಿ ಕೆಲಸಗಾರರಿಗೂ ತಮ್ಮ ಸುರಕ್ಷತಾ ಪ್ರತಿನಿಧಿಯನ್ನು ಆರಿಸುವ ಹಕ್ಕಿದೆ ಎನ್ನುತ್ತದೆ. ತಂಬಾಕು ಮಂಡಳಿ ಪ್ರತಿ ಹಂಗಾಮಿಗೆ ಮೊದಲು ರೈತರ ಸಭೆ ಸೇರಿಸುವಾಗ, ಬ್ಯಾರನ್ನಿಗೆ ಇಬ್ಬರಂತೆ ಸೊಪ್ಪು ಮುರಿಯುವವರನ್ನೂ ಕೂಲಿ ಕೊಟ್ಟು ಕೂರಿಸಿದರೆ ಎಷ್ಟು ಚೆನ್ನ! ಬೆಂಗಳೂರಿನಲ್ಲಿರುವ ಪ್ರಾದೇಶಿಕ ಔದ್ಯೋಗಿಕ ಆರೋಗ್ಯ ಕೇಂದ್ರ, ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳು, ಕೃಷಿ ವಿಜ್ಞಾನ ಕೇಂದ್ರದವರು ಕಲಿಸಲು ಬರಬಹುದು. ಆದರೆ ಯಾರೇ ಕಲಿಸಲಿ, ಜಗುಲಿಯ ಮೇಲೆ ಯಾರು ಕುಳಿತಿದ್ದಾರೆ ಎಂದು ಮೊದಲು ನೋಡಬೇಕು.

ಪೋಷಕರಿಗೆ ಒಂದು ಮಾತು. 18 ತುಂಬದವರನ್ನು ಅಪಾಯದ ಕೆಲಸಕ್ಕೆ ಹಚ್ಚುವುದನ್ನು 2016ರ ತಿದ್ದುಪಡಿಯಾದ ಕಾನೂನು ನಿಷೇಧಿಸಿದೆ. ಕಾನೂನನ್ನು ಬದಿಗಿಟ್ಟರೂ, ಮಕ್ಕಳ ಮೈತೂಕ ಕಡಿಮೆ; ಅದೇ ಪ್ರಮಾಣದ ನಿಕೋಟಿನ್ ಅವರನ್ನು ಹೆಚ್ಚು ಬಾಧಿಸುತ್ತದೆ. ಸೊಪ್ಪಿನ ಸಾಲಿಗೆ ಮಕ್ಕಳನ್ನು ಇಳಿಸಬೇಡಿ. ‘ಹೊಗೆಸೊಪ್ಪು ಅಗಿಯುವವರಿಗೆ ಘಾಟು ಹತ್ತುವುದಿಲ್ಲ’ ಎಂಬ ಮಾತಿದೆ. ಅಭ್ಯಾಸವಾದ ಮೈಗೆ ವಾಂತಿ ಕಡಿಮೆ ಎಂಬುದು ನಿಜ. ಆದರೆ ಅದು ರಕ್ಷಣೆಯಲ್ಲ, ದಿನವೂ ವಿಷ ಉಂಡದ್ದರ ಗುರುತು. ವಾಂತಿ ತಪ್ಪಿಸಲು ಬಾಯಿ ಕ್ಯಾನ್ಸರನ್ನು ಕರೆದುಕೊಳ್ಳುವುದು ಜಾಣತನವೇ?

ಮಾಡಿ ನೋಡಿ

ಮಕ್ಕಳೇ, ಈಗ ಅರಿಶಿನದ ಪಾಠ. ಹತ್ತು ಮುತ್ತುಗದ ಎಲೆಗಳಿಗೆ ಅರಿಶಿನ ಪುಡಿ ತೆಳ್ಳಗೆ ಉದುರಿಸಿ. ಐದಕ್ಕೆ ನೀರು ಚಿಮುಕಿಸಿ, ಐದನ್ನು ಒಣದಾಗಿಯೇ ಬಿಡಿ. ಹಳೆಯ ಬಟ್ಟೆ ತೊಟ್ಟ ಇಬ್ಬರು ಗೆಳೆಯರು ಒಬ್ಬೊಬ್ಬರು ಒಂದೊಂದು ಬಗೆಯ ಎಲೆಯನ್ನು ಕಂಕುಳಲ್ಲಿ ಹಿಡಿದು, ಕಡ್ಡಿಗೆ ಕಟ್ಟುತ್ತ ಹತ್ತು ನಿಮಿಷ ಕೆಲಸ ಮಾಡಲಿ. ಆಮೇಲೆ ಬಟ್ಟೆ ಒಗೆಯುವ ಸೋಪಿನ ನೀರಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಅವರ ಕೈ, ಕತ್ತು, ಕಂಕುಳ ಬದಿ, ಕಿವಿಯ ಹಿಂಭಾಗ ಒರೆಸಿ. ಸೋಪಿನ ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದೂ ಇದೇ ತತ್ವದಿಂದ. ಕಣ್ಣಿಗೆ ಕಾಣದಷ್ಟು ಸ್ವಲ್ಪ ಅರಿಶಿನವನ್ನೂ ಬಟ್ಟೆ ತೋರಿಸಿಕೊಡುತ್ತದೆ. ಒದ್ದೆ ಎಲೆ ಹಿಡಿದವನ ಮೈಯಲ್ಲಿ ಎಷ್ಟು, ಒಣ ಎಲೆ ಹಿಡಿದವನ ಮೈಯಲ್ಲಿ ಎಷ್ಟು ಎಂದು ಹೋಲಿಸಿ. ಬರೀ ನೀರಿನಲ್ಲಿ ಕೈ ತೊಳೆದು ಊಟದ ಡಬ್ಬಿ ಮುಟ್ಟಿಸಿ, ಮುಚ್ಚಳವನ್ನೂ ಒರೆಸಿ ನೋಡಿ. ಅರಿಶಿನ ನಿಕೋಟಿನ್‌ನಂತೆ ನೀರಿನಲ್ಲಿ ಚೆನ್ನಾಗಿ ಕರಗುವುದಿಲ್ಲ, ಚರ್ಮ ದಾಟುವುದೂ ಇಲ್ಲ. ಎಲ್ಲೆಲ್ಲಿ ಅಂಟುತ್ತದೆ ಎಂಬುದನ್ನು ಮಾತ್ರ ಅದು ತೋರಿಸುತ್ತದೆ.

ನಮ್ಮ ಅಂಗನವಾಡಿ ಜಗುಲಿಯಲ್ಲಿ ಊಟದ ಡಬ್ಬಿಯ ಮುಚ್ಚಳ ಒರೆಸಿದ ಬಟ್ಟೆ ಕೆಂಪಾದಾಗ ಯಾರೂ ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ತಾಯಿ, ‘ಈ ಕೈಯಲ್ಲೇ ಮಗೀಗೆ ತುತ್ತು ಕೊಡ್ತೀವಿ’ ಎಂದರು. ಮರುವಾರ ಪ್ರತಿಯೊಬ್ಬರ ಊಟದ ಗಂಟಿನಲ್ಲಿಯೂ ಒಂದು ತುಂಡು ಸೋಪು ಇತ್ತು. ಅದನ್ನು ತರಲು ನಾನು ಹೇಳಿರಲಿಲ್ಲ.